ಗೂಡಿನ ತಾಟು

ಸೀದ ಹಾಲಿನ ಚಹಾದ ವಾಸನೆ ಬಂದರೆ ಭಾಗ್ಯಾಳಿಗೆ ಇವತ್ತಿಗೂ ಅಪ್ಪನ ಕೈಯ ತೆಂಗಿನ ಚಿಪ್ಪು ನೆನಪಾಗುತ್ತದೆ. ಕೇರಿಯವನೆಂದು ಹೋಟೆಲಿನ ಹೊರಗೇ ನಿಲ್ಲಿಸಿ, ಮೇಲಿನಿಂದ ಹೊಯ್ಯುತ್ತಿದ್ದ ಚಹಾವನ್ನು ಅಪ್ಪ ಆ ಚಿಪ್ಪಿನಲ್ಲೇ ಕುಡಿಯುತ್ತಿದ್ದ. ಅದು ಅಪರಾಧವೆಂದು ಕಾನೂನು ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. ಹೋಟೆಲಿನವನಿಗೆ ಖಬರಿರಲಿಲ್ಲ, ಅಷ್ಟೇ.

ಈಗ ಆ ಕಾನೂನು ನೋಡಿಕೊಳ್ಳುವ ಅಧಿಕಾರಿ ಅವಳೇ. ಹಿರೇವಡ್ಡಟ್ಟಿಯಲ್ಲಿ ಮಂಜವ್ವನ ಖಾನಾವಳಿಗೆ ಗಿರಾಕಿಯ ಹಾಗೆ ಬಂದು ಕುಳಿತಿದ್ದಳು. ಹೊರಗೋಡೆಯ ಗೂಡಿನಲ್ಲಿ ಒಂದು ತಾಟು, ಒಂದು ಲೋಟ ಬೇರೆ ಇಟ್ಟಿದ್ದಾರೆಂದು ದೂರು ಬಂದಿತ್ತು. ನಿಜವಾದರೆ ಕೇಸು, ಖಾನಾವಳಿಗೆ ಬೀಗ.

ನಿಜವೇ ಇತ್ತು.

ಮಧ್ಯಾಹ್ನ ಮಾಸಿದ ಧೋತರದ ಮುದುಕನೊಬ್ಬ ಬಂದು ಮೆಟ್ಟಿಲ ಮೇಲೆ ಕುಳಿತ. ಗೂಡಿನಿಂದ ತಾಟು, ಲೋಟ ಎರಡನ್ನೂ ತಾನೇ ತೆಗೆದುಕೊಂಡ. ಮಂಜವ್ವ ಮೊಳದೆತ್ತರದಿಂದ ಮಜ್ಜಿಗೆ ಹೊಯ್ದಳು. ಒಂದು ಹನಿಯೂ ಚೆಲ್ಲಲಿಲ್ಲ. ಬಹಳ ದಿನದ ರೂಢಿ.

ಆ ತಾಟು ತೊಳೆಯುವವರು ಯಾರು ಎಂದು ಭಾಗ್ಯಾ ಕೇಳಿದಳು.

"ಅವರ ತೊಳೀತಾರ. ನಾ ಅದನ್ನ ಮುಟ್ಟಂಗಿಲ್ರಿ," ಎಂದಳು ಮಂಜವ್ವ, ಸಲೀಸಾಗಿ.

ಭಾಗ್ಯಾಳ ಕಿವಿ ಬಿಸಿಯಾಯಿತು. ಗುರುತಿನ ಚೀಟಿ ತೆಗೆದು ತೋರಿಸಿದಳು. ಮಂಜವ್ವನ ಮುಖ ಬಾಡಿತು. ಗಂಡ ಹೋದ ಮೇಲೆ ಈ ಒಲೆಯೊಂದೇ ತನಗೆ ಆಧಾರ ಎಂದಳು. ಒಳಗೆ ಬನ್ನಿ ಎಂದು ಅವರನ್ನು ದಿನಾ ಕರೆಯುತ್ತೇನೆ ಎಂದೂ ಹೇಳಿದಳು. ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳುತ್ತಾರೆ.

ಭಾಗ್ಯಾ ಹೊರಬಂದು ಮೆಟ್ಟಿಲ ಮೇಲೆ ಕುಳಿತಳು. ಮುದುಕ ತುಸು ಆಚೆ ಸರಿದ. ಪಾಪ, ಅದೂ ರೂಢಿಯೇ.

"ಅಂಜಬ್ಯಾಡ್ರಿ ಅಜ್ಜಾರ. ಒಳಗ ನಡೀರಿ, ಜೋಡಿ ಉಣ್ಣೂಣು."

"ಬ್ಯಾಡವ್ವಾ. ನಾ ಒಳಗ ಕುಂತರ ಊರಾಗ ಏನಂದಾರು?"

ಅಪ್ಪನೂ ಹೀಗೇ ತಲೆ ತಗ್ಗಿಸುತ್ತಿದ್ದ. ಭಾಗ್ಯಾ ಪೆನ್ನು ತೆಗೆದು, ದೂರಿನ ಹಾಳೆ ತೊಡೆಯ ಮೇಲಿಟ್ಟುಕೊಂಡು ಹೆಸರು ಕೇಳಿದಳು.

"ಹೊಳೆಯಪ್ಪಗೌಡ," ಎಂದ ಮುದುಕ, ನಾಚಿದವನಂತೆ. "ಈ ಊರ ಗೌಡಕಿ ನಮ್ಮ ಮನಿತನದ್ದು."

ಪೆನ್ನು ನಿಂತಿತು.

"ಬರೀಬ್ಯಾಡ್ರಿ ಅಕ್ಕಾರ," ಎಂದಳು ಬಾಗಿಲಲ್ಲಿ ನಿಂತಿದ್ದ ಮಂಜವ್ವ. "ಮೊದಲ ನಮ್ಮ ಕೇರಿ ಗಾಳಿ ಸೈತ ಇವರಿಗೆ ಆಗತಿದ್ದಿಲ್ಲ. ಈಗ ನನ್ನ ಮೆಟ್ಟಲ ತನಕ ಬಂದಾರ." ಬಿಸಿ ರೊಟ್ಟಿ, ಬದನೆಕಾಯಿ ಪಲ್ಯವನ್ನು, ತನ್ನ ಕೈ ಗೌಡರ ತಾಟಿಗೆ ತಾಗದಂತೆ, ಮೆಲ್ಲಗೆ ಬಿಟ್ಟಳು.