ಒರೆಸಿದ ನಳಿಕೆ

ಲೇಸರ್ ಬೆಳಕು ಗಾಜಿನ ನಳಿಕೆಯ ದ್ರಾವಣದೊಳಗೆ ಹೊಕ್ಕು ಚದುರಿತು. ಬೆಳಗಿನಿಂದ ಅರ್ಧಕ್ಕೇ ನಿಲ್ಲುತ್ತಿದ್ದ ಅಣುತೂಕದ ಅಂಕಿ ಈ ಸಲ ಸರ್ರನೆ ಏರಿ ಗುರಿ ಮುಟ್ಟಿತು.

"ಬಂತಲ್ರಿ ಮೇಡಂ. ಸಹಿ ಹಾಕ್ರಿ, ಜಲ್ದಿ ಲಾರಿ ಬಿಡಸ್ತೀನಿ," ಎಂದ ಗಣಿ ಮ್ಯಾನೇಜರ್ ಪಂಪಾಪತಿ. ಲಾರಿಯಲ್ಲಿದ್ದದ್ದು ಕೆಸರು ಇಳಿಸುವ ಪಾಲಿಮರ್ ಪುಡಿ; ಗಣಿಯಲ್ಲಿ ಅದಿರು ತೊಳೆದ ನೀರಿಗೆ ಅದು ಬೀಳಬೇಕಿತ್ತು. ಅದರ ಅಣುಗಳಿಗೆ ಸಾಕಷ್ಟು ತೂಕವಿದ್ದರೆ ಕೆಸರು ತಳಕ್ಕಿಳಿಯುತ್ತದೆ. ಇಲ್ಲದಿದ್ದರೆ ಗಾದಿಗನೂರಿನ ಹೊಲಗಳಿಗೆ ಹರಿಯುತ್ತದೆ.

ಪೆನ್ನು ತೆರೆದ ಪ್ರಯೋಗಾಲಯದ ಪರೀಕ್ಷಕಿ ಹುಲಿಗೆಮ್ಮ ತಡೆದು ನಿಂತಳು. ಪುಡಿಯ ದ್ರಾವಣ ಅದೇ, ತಾನೇ ಸೋಸಿದ್ದು. ಬದಲಾದದ್ದು ನಳಿಕೆ ಮಾತ್ರ. ಅದನ್ನು ಎತ್ತಿ ಕೊಟ್ಟವನು ಪಂಪಾಪತಿ. ಗಣಿ ಧೂಳು ಕೂರುವ ಸಂಡೂರಿನ ಕಡೆ ಯಾರೂ ಒರೆಸದೆ ಕುರ್ಚಿಯಲ್ಲಿ ಕೂರುವುದಿಲ್ಲ, ಒರೆಸದೆ ಲೋಟಕ್ಕೆ ನೀರು ಹಾಕುವುದಿಲ್ಲ. ಅವನೂ ಹಾಗೆಯೇ ಕರ್ಚೀಫಿನ ತುದಿಯನ್ನು ನಳಿಕೆಯೊಳಗೆ ತಿರುವಿ, ಮರ್ಯಾದೆಯಿಂದ ಒರೆಸಿ ಕೊಟ್ಟಿದ್ದ. ಚಿಟಿಕೆ ಧೂಳು ಸಾಕು, ಯಂತ್ರ ಅದನ್ನೂ ಅಣುವೆಂದೇ ತೂಗಿಬಿಡುತ್ತದೆ.

"ಕರ್ಚೀಫ್ ಕೊಡ್ರಿ ಇಲ್ಲಿ."

"ಯಾಕ್ರಿ? ಒಗೆದದ್ದೇ ಐತಿ."

ಅವಳು ಅದನ್ನು ಕಿಟಕಿಗೆ ಒಯ್ದು ಕೊಡವಿದಳು. ಬಿಸಿಲಕೋಲು ತುದಿಯಿಂದ ತುದಿಗೆ ಕೆಂಪಗೆ ಮಿನುಗಿತು. ಪಂಪಾಪತಿಯ ನಗು ಅಲ್ಲೇ ನಿಂತಿತು.

"ಪುಡಿ ತೂಕ ಇನ್ನೂ ಅರ್ಧಾನೇ ಐತ್ರಿ," ಎಂದು ಹುಲಿಗೆಮ್ಮ ಪೆನ್ನು ಮುಚ್ಚಿದಳು. "ಉಳಿದರ್ಧ ನಿಮ್ಮ ಗಣೀದು."