ಸಕ್ಕರೆ ಕಾರ್ಖಾನೆಯ ಸೆರೆಯಾಳುಗಳು

"ಸೆರೆಯಾಳುಗಳನ್ನ ಬಿಡೋ ಮಾತೇ ಇಲ್ಲ." ಬಂಡುಕೋರರ ಕಮಾಂಡರ್ ಮೇಜು ಗುದ್ದಿದ. ಕಪ್ಪುಗಳು ಅದುರಿದವು. ಟ್ರೇ ಹಿಡಿದು ಒಳಬರುತ್ತಿದ್ದ ಅಕ್ಕ ಬಾಗಿಲಲ್ಲೇ ನಿಂತಳು.

ಹೋಟೆಲಿನಲ್ಲಿ ಚಹಾ ಕೊಡುವ ಅವಳು ಎಲ್ಲರಿಗೂ ಅಕ್ಕ. ಅವಳ ಮಗನನ್ನು ಬಂಡುಕೋರರು ಹಳೇ ಸೇತುವೆಯ ಮೇಲೆ ಹಿಡಿದು, ಸಕ್ಕರೆ ಕಾರ್ಖಾನೆಯಲ್ಲಿ ಕೂಡಿಹಾಕಿದ್ದರು. ಈಗ ಇವರ ಬಾಯಲ್ಲೂ ಅದೇ ಸೇತುವೆ, ಅದೇ ಕಾರ್ಖಾನೆ. ಯುದ್ಧಕ್ಕೆ ಮೊಮ್ಮಕ್ಕಳಾಗುವ ವಯಸ್ಸಾಗಿತ್ತು. ಕೊನೆಗೂ ಮಾತಿಗೆ ಕೂತರಲ್ಲ, ಪುಣ್ಯಾತ್ಮರು.

ಕಮಾಂಡರನ ಸಮವಸ್ತ್ರದ ಇಸ್ತ್ರಿ ಗೆರೆ ಇನ್ನೂ ಮುರಿದಿರಲಿಲ್ಲ. ಕಾಡಿನಲ್ಲಿ ಬದುಕಿದವನ ಕೈ ಬೆಣ್ಣೆಯಂತಿತ್ತು. ಗುಂಡು ಹೊಡೆಯುವವರು ಬೇರೆ, ಇವನು ಹೊಡೆಸುವವನು ತಾನೇ ಎಂದುಕೊಂಡಳು.

ಎದುರಿದ್ದ ಮಂತ್ರಿಯೂ ಕಡಿಮೆಯಿಲ್ಲ. "ಸತ್ತವರ ಮನೆಯವರಿಗೆ ನಾನೇನು ಹೇಳಲಿ?" ಎಂದು ಗದ್ಗದಿತನಾದ. ಕಣ್ಣೊರೆಸಿಕೊಂಡು, "ಅಕ್ಕ, ನನಗೆ ಸಕ್ಕರೆ ಬೇಡ" ಎಂದ.

ನಡುವೆ ಕೂತ ಮೇಡಂ ತುಟಿಪಿಟಕ್ಕೆನ್ನದೆ ಗಡಿಯಾರ ನೋಡುತ್ತಿದ್ದಳು. ಮಧ್ಯಸ್ಥಿಕೆ ಎಂದರೆ ಹೀಗೇ ಇರಬೇಕು.

ಅಕ್ಕನಿಗೆ ತಡೆಯಲಾಗಲಿಲ್ಲ. ಕಮಾಂಡರನ ಕಪ್ಪು ತುಂಬಿಸುತ್ತ ಮೆಲ್ಲಗೆ ಹೇಳಿದಳು: "ಸ್ವಾಮಿ, ಒಳಗಿರೋರಿಗೂ ಅಮ್ಮಂದಿರಿದ್ದಾರೆ."

ಅವನು ಅವಳನ್ನೇ ನೋಡಿದ. ಮುಖ ಅರಳಿತು.

"ಒಳ್ಳೇ ಪಾಯಿಂಟು ಅಕ್ಕ."

ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಒಬ್ಬ ತಾಯಿಯ ಮಾತಿಗಾಗಿ, ನಾಳೆ ಬೆಳಿಗ್ಗೆ ಎಲ್ಲರನ್ನೂ ಸೇತುವೆಯ ಮೇಲೆ ಬಿಡುತ್ತೇವೆ." ಮಂತ್ರಿ ಓಡಿಬಂದು ಅಪ್ಪಿಕೊಂಡ. ಸಹಿ. ಚಪ್ಪಾಳೆ. ಫೋಟೋ.

ಅಕ್ಕ ಕಾರಿಡಾರಿಗೆ ಹೋಗಿ ಸೊಸೆಗೆ ಫೋನ್ ಮಾಡಿದಳು.

"ಅಳಬೇಡ್ವೇ, ಕೇಳಿಲ್ಲಿ. ಅವನ ನೀಲಿ ಅಂಗಿ ಒಗೆದು ಹಾಕು. ಅಪ್ಪ ನಾಳೆ ಬರ್ತಾನೆ ಅಂತ ಮಗೂಗೆ ಹೇಳು."

"ಯಾರು ಹೇಳಿದ್ದು ಅತ್ತೆ?"

"ಯಾರೋ ಹೇಳಿದ್ದಲ್ಲ. ನನ್ನ ಕಿವಿಯಾರೆ ಕೇಳಿದೆ."

ಆಚೆಯಿಂದ ಮಗುವಿನ ಕೇಕೆ ಕೇಳಿಸಿತು.

ಯಾರೂ ಕೇಳದಿದ್ದರೂ ಇನ್ನೊಂದು ಸುತ್ತು ಚಹಾ ಮಾಡಿಕೊಂಡು ಅಕ್ಕ ಒಳಗೆ ಬಂದಳು. ಮಂತ್ರಿ ಕೋಟು ಬಿಚ್ಚಿ ಕಮಾಂಡರನ ಕೈಗೆ ಕೊಡುತ್ತಿದ್ದ. ಕಮಾಂಡರ್ ತನ್ನ ಸಮವಸ್ತ್ರ ಬಿಚ್ಚಿ ಮಂತ್ರಿಗೆ ತೊಡಿಸುತ್ತಿದ್ದ.

ಮೇಡಂ ಮೊದಲ ಸಲ ಬಾಯಿಬಿಟ್ಟಳು: "ತಾಯಿ ಡೈಲಾಗಿಗೆ ಪೂರ್ತಿ ಮಾರ್ಕ್ಸು. ಈಗ ಪಾತ್ರ ಅದಲುಬದಲು, ಸೆರೆಯಾಳುಗಳೆಲ್ಲ ವಾಪಸ್ ಕಾರ್ಖಾನೆಗೆ. ನಿಜವಾದ ಮಾತುಕತೆ ಯಾವತ್ತಾದರೂ ಶುರುವಾದರೆ, ನಮ್ಮ ತರಬೇತಿಯಲ್ಲಿ ಕೊರತೆ ಇತ್ತು ಅಂತ ಯಾರೂ ಅನ್ನಬಾರದು ನೋಡಿ."