ಫಿನಾಯಿಲ್ ಭಕ್ತೆ

ಯಾವ ಪುಣ್ಯಾತ್ಮನ ಹರಕೆಯೋ ಏನೋ, ಸುಳ್ಳು ಕಿವಿಗೆ ಬಿದ್ದರೆ ದೀಪಗಳು ನಡುಗುವ ಕಾಲ ಬಂದಿತ್ತು. ಕೆಲಸದ ಸಂದರ್ಶನಗಳೆಲ್ಲ ಈಗ ದೀಪದ ಮುಂದೆಯೇ. ಕಾತ್ಯಾಯಿನಿ ಹೋದ ಸಲ “ಫಿನಾಯಿಲ್ ಅಂದ್ರೆ ನನಗೆ ಪ್ರಾಣ” ಅಂದದ್ದೇ ತಡ, ಫಿನಾಯಿಲ್ ಕಂಪನಿಯ ದೀಪ ಗಡಗಡ ನಡುಗಿತ್ತು. ಮನೆಯಲ್ಲಿ ಅವ್ವನ ಔಷಧಿಗೂ ಒಲೆಗೂ ಇವಳ ದುಡಿಮೆಯೇ ಗತಿ.

“ಬಾಯಿಪಾಠ ಸಾಲದು ತಾಯಿ, ನಂಬಬೇಕು,” ಎಂದರು ಸಂದರ್ಶನಕ್ಕೆ ತರಬೇತಿ ಕೊಡುವ ಸೀತಾಪತಿ ಮೇಷ್ಟ್ರು. ಅವಳು ಫಿನಾಯಿಲ್ ಬಾಟಲಿಗೆ ಕುಂಕುಮವಿಟ್ಟು, ಉಪವಾಸವಿದ್ದು, ಬೆಳಗೂ ಬೈಗೂ ಭಜನೆ ಮಾಡಿ, ಕೊನೆಗೆ ನಂಬಿಯೇಬಿಟ್ಟಳು.

“ಈ ಕೆಲಸ ಯಾಕಮ್ಮಾ ಬೇಕು?” ಮತ್ತೆ ದೀಪದ ಮುಂದೆ ಕೂತಾಗ ಕಂಪನಿಯ ಮ್ಯಾನೇಜರು ಕೇಳಿದರು.

“ಫಿನಾಯಿಲ್ ಸೇವೆಗೇ ಹುಟ್ಟಿದವಳು ಸರ್.” ದೀಪ ಅಲುಗಲಿಲ್ಲ.

“ಸಂಬಳ?”

“ಸೇವೆಗೆ ಯಾರಾದ್ರೂ ಕೂಲಿ ಕೇಳ್ತಾರಾ ಸರ್?” ಆಗಲೂ ಅಲುಗಲಿಲ್ಲ.

ಮ್ಯಾನೇಜರಿಗೆ ಕಣ್ಣು ತುಂಬಿ ಬಂತು. “ಕೆಲಸ ನಿನ್ನದೇ ಕಣಮ್ಮಾ, ನಾಳೆಯೇ ಬಾ.”

ಏಳುವಾಗ ಅವ್ವನ ಮುಖ ನೆನಪಾಗಿ ಕಾತ್ಯಾಯಿನಿ ತಡವರಿಸಿದಳು. “ಆದ್ರೆ ಸರ್, ಮನೇಲಿ ಒಲೆ ಉರೀಬೇಕಲ್ಲ...”

ಮ್ಯಾನೇಜರು ದೈವಭಕ್ತರು. ದೀಪವನ್ನು ಬಾಯಿಂದ ಊದಲಿಲ್ಲ. ಶಾಸ್ತ್ರದಂತೆ ಹೂವಿನ ಎಸಳಿನಿಂದ ಮೆಲ್ಲಗೆ ಶಾಂತಮಾಡಿ, ಆಮೇಲೆ ಹೇಳಿದರು:

“ಮುಂದಿನ ವರ್ಷದಿಂದ ಸಂಬಳ ಖಂಡಿತ ಕೊಡ್ತೀವಿ.”